ಎಡಗಡೆಯ ಕುರ್ಚಿ

ನಮ್ಮ ತಾಯಿಯ ತವರಿನ ಹೆಂಗಸರು ಸುಮ್ಮನೆ ಕೂತವರಲ್ಲ. ಕೂತರೆ ಕೈಗೆ ಏನಾದರೂ ಬೇಕು: ಬಿಡಿಸಲು ಬಟಾಣಿ, ಹೊಲಿಯಲು ಗುಂಡಿ, ಅದೂ ಇಲ್ಲದಿದ್ದರೆ ಬೈಯಲು ಒಬ್ಬ ಮನುಷ್ಯ. ನಮ್ಮಮ್ಮ ಟಿವಿ ನೋಡುವುದೂ ನಿಂತುಕೊಂಡೇ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು. ಅವಳ ಅಕ್ಕ, ನನ್ನ ದೊಡ್ಡಮ್ಮ, ಈ ವಿಷಯದಲ್ಲಿ ಇನ್ನೂ ಒಂದು ಕೈ ಮೇಲು. ಅಂಥವಳು ಊರಿನ ದೊಡ್ಡ ಸಭಾಂಗಣದಲ್ಲಿ ವರ್ಷಗಟ್ಟಲೆ ಒಂದು ಕುರ್ಚಿಯ ಮೇಲೆ ಕೂತೇ ಹೆಸರು ಮಾಡಿದಳು ಎಂದರೆ ಕೇಳಿದವರಿಗೆ ನಗು ಬರುತ್ತದೆ. ಅವಳ ಮುಂದೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದು ಕೂರುವ ಕೆಲಸವಲ್ಲ, ಏಳುವ ಕೆಲಸ ಎಂಬುದು ಅವಳ ವಾದ.

ಪಿಯಾನೊ ನುಡಿಸುವವರ ಪಕ್ಕದಲ್ಲಿ ಕೂತು ಹಾಳೆ ತಿರುಗಿಸುವುದು ಆ ಕೆಲಸ. ನುಡಿಸುವವರ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ಎದುರಿಗೆ ಸ್ವರಲಿಪಿಯ ಪುಸ್ತಕವಿರುತ್ತದೆ. ಪುಟ ಮುಗಿಯುವಾಗ ಇನ್ನೊಂದು ಕೈ ಬೇಕಲ್ಲ, ಅದು ದೊಡ್ಡಮ್ಮನದು. ಅವರ ಎಡಗಡೆ, ಒಂದಿಷ್ಟು ಹಿಂದಕ್ಕೆ ಅವಳ ಕುರ್ಚಿ. ಪುಟದ ಕೊನೆಯ ಸಾಲು ಬಂದಾಗ ಏಳಬೇಕು, ಎಡಗೈಯಿಂದ ಹಾಳೆಯ ಮೇಲಿನ ಮೂಲೆ ಹಿಡಿಯಬೇಕು, ಅವರು ತಲೆಯನ್ನು ತುಸು ಆಡಿಸಿದ ಕೂಡಲೇ ತಿರುಗಿಸಿ ಕೂರಬೇಕು. ಸದ್ದಾಗಬಾರದು, ಪುಸ್ತಕದ ಮೇಲೆ ನೆರಳು ಬೀಳಬಾರದು. ಕೈಗೆ ಬಳೆ ಕೂಡದು, ಮೈಗೆ ಸೆಂಟು ಕೂಡದು, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಹಾಳೆ ಬಿಡಿಸಲು ಬೆರಳಿಗೆ ಎಂಜಲು ಹಚ್ಚುವವರನ್ನು ಕಂಡರೆ ದೊಡ್ಡಮ್ಮನಿಗೆ ಮೈಯೆಲ್ಲ ಉರಿ. ಮನೆಯಲ್ಲಿ ಪೇಪರ್ ಓದುವಾಗಲೂ ಅವಳು ಪುಟ ತಿರುಗಿಸಿದ್ದು ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ನಿಯಮವಿತ್ತು. ಸಂಗೀತ ಕೇಳಬಾರದು.

"ಕೇಳಿದ್ಯೋ ಕೆಟ್ಟೆ," ಎನ್ನುತ್ತಿದ್ದಳು. "ಕಣ್ಣು ಸಾಲಿನ ಮೇಲೇ ಓಡ್ತಿರಬೇಕು. ಕೇಳೋಕೆ ಅಂತ ಟಿಕೆಟ್ ತಗೊಂಡು ಅಷ್ಟು ಜನ ಕೂತಿಲ್ವಾ? ಅದು ಅವರ ಕೆಲಸ. ನಂದು ಓದೋದು."

ಅವಳು ಶಾಲೆಯೊಂದರಲ್ಲಿ ಮಕ್ಕಳ ಬೆಳಗಿನ ಹಾಡಿಗೆ ಪಿಯಾನೊ ನುಡಿಸುವ ಟೀಚರಾಗಿದ್ದಳು. ವೇದಿಕೆಯ ಮೇಲೆ ನುಡಿಸುವಷ್ಟು ತನ್ನ ಕೈ ಓಡುವುದಿಲ್ಲ ಎಂಬುದು ಅವಳಿಗೆ ಹರೆಯದಲ್ಲೇ ಗೊತ್ತಾಗಿತ್ತು. ಅದಕ್ಕಾಗಿ ಅತ್ತವಳಲ್ಲ. ಓದು ಮಾತ್ರ ಚುರುಕಾಗಿತ್ತು, ಆ ಓದೇ ಅವಳನ್ನು ವೇದಿಕೆಗೆ ಕರೆದುಕೊಂಡು ಹೋಯಿತು. ಸಭಾಂಗಣದವರು ಅವಳನ್ನು 'ಎಡಗಡೆಯಮ್ಮ' ಎಂದು ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಜಂಬ ಇತ್ತು. ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ನಮಗೇನು ಕಾಣುತ್ತಿರಲಿಲ್ಲವೇ.

ದೊಡ್ಡಪ್ಪ ಲಿಫ್ಟ್ ರಿಪೇರಿಯವರು. ದಿನವಿಡೀ ಬೇರೆಯವರನ್ನು ಮೇಲಕ್ಕೆ ಕಳಿಸಿ ತಾನು ಕೆಳಗೇ ಉಳಿಯುವುದು ತನ್ನ ಹಣೆಬರಹ ಎಂದು ತಮಾಷೆ ಮಾಡುತ್ತಿದ್ದರು. ಸಂಗೀತ ಅವರ ತಲೆಗೆ ಹತ್ತುತ್ತಿರಲಿಲ್ಲ. ಆದರೂ ಪ್ರತಿ ಸಲ ಹೆಂಡತಿಯನ್ನು ಸ್ಕೂಟರಿನಲ್ಲಿ ಬಿಟ್ಟು, ಸಭಾಂಗಣದ ಹಿಂಬಾಗಿಲ ಕಟ್ಟೆಯ ಮೇಲೆ ಕೂತು ಕಚೇರಿ ಮುಗಿಯುವ ತನಕ ಕಾಯುತ್ತಿದ್ದರು. ಒಳಗೆ ಬಂದು ಕೂರಿ ಎಂದರೆ, ಆರ್ಕೆಸ್ಟ್ರಾದ ಮುಂದೆ ಕೋಲು ಆಡಿಸುವವನನ್ನು ಬಸ್ಸಿನವನನ್ನಾಗಿ ಮಾಡಿ, "ಬೇಡಪ್ಪ, ನಿಮ್ಮ ಕಂಡಕ್ಟರು ಕೋಲು ಹಿಡ್ಕೊಂಡು ಟಿಕೆಟ್ ಕೇಳ್ತಾನೆ," ಎನ್ನುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ರೇಡಿಯೊ ಇಲ್ಲ. ಸುಮ್ಮನೆ ಕೂರುವುದು ಅವರಿಗೆ ಬರುತ್ತಿತ್ತು. ಅಮ್ಮನ ತವರಿನ ಅಳಿಯಂದಿರಲ್ಲಿ ಆ ವಿದ್ಯೆ ಇದ್ದದ್ದು ಅವರೊಬ್ಬರಿಗೇ.

ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಗಾಬರಿ ಪಡುವಂಥದ್ದೇನಿಲ್ಲ, ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದರು. ಅಂದು ಸಂಜೆ ಸಭಾಂಗಣದಲ್ಲಿ ಕಚೇರಿ ಇತ್ತು. ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿದ್ದ ದೊಡ್ಡಮ್ಮ ಕಪ್ಪು ಉಡುಪು ಹಾಕಿಕೊಂಡು ಕೆಲಸಕ್ಕೆ ಹೋದಳು. ಅವಳು ಹಾಳೆ ತಿರುಗಿಸುತ್ತಿದ್ದಾಗಲೇ ದೊಡ್ಡಪ್ಪನ ಜೀವ ಹೋಯಿತು. ಹತ್ತಿರ ಯಾರೂ ಇರಲಿಲ್ಲ.

ಎಲ್ಲ ಮುಗಿದ ಮೇಲೆ ನಮ್ಮಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು. "ಅಲ್ಲ ಅಕ್ಕ, ಹಾಳೆ ತಿರುಗಿಸೋಕೆ ಊರಲ್ಲಿ ಬೇರೆ ಯಾರೂ ಸಿಗ್ತಿರಲಿಲ್ವಾ?"

"ಅಲ್ಲಿ ನಂಗೆ ಕೆಲಸ ಇತ್ತು," ಎಂದಳು ದೊಡ್ಡಮ್ಮ. "ಆಸ್ಪತ್ರೆಲಿ ಮಾಡೋಕೇನಿತ್ತು? ಬರೀ ಕೂತಿರಬೇಕಿತ್ತು."

ನಮ್ಮಮ್ಮ ಆ ಮಾತನ್ನು ಮರೆಯಲಿಲ್ಲ. ಅಕ್ಕತಂಗಿಯರು ಮಾತು ಬಿಡಲಿಲ್ಲ, ಹೋಗಿಬರುವುದು ಇದ್ದೇ ಇತ್ತು, ಆದರೆ ಮಾತಿನಲ್ಲಿ ಉಪ್ಪು ಖಾರ ಉಳಿಯಲಿಲ್ಲ. ದೊಡ್ಡಮ್ಮ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಅಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ದೊಡ್ಡಮ್ಮನ ಮೇಲೆ ಒಂದು ಹಿಡಿ ಜಾಸ್ತಿಯೇ ಎನ್ನಬೇಕು, ಏಕೆಂದರೆ ದೊಡ್ಡಪ್ಪ ನನಗೆ ಇಷ್ಟವಾಗಿದ್ದರು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಂದವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಗೋಡೆಯ ಮೇಲಿನ ಅಕ್ಷರದ ಪಟ ಓದಿಸಿ, ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಅದಾ" ಎಂದು ಕೇಳುವುದು. ದೊಡ್ಡಮ್ಮ ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಗಿರಾಕಿಗಳಿಲ್ಲದಿದ್ದರೆ ಆ ಸ್ಟೂಲಿನ ಮೇಲೆ ಕೂತು ಪಟ ಓದಿ ತೋರಿಸುತ್ತಿದ್ದಳು. ತುದಿಯ ಸಾಲಿನವರೆಗೂ ಗಡಗಡ ಓದುವಳು. ಈ ವಯಸ್ಸಿಗೂ ಏನು ಕಣ್ಣು ಎಂದು ನಮ್ಮ ಯಜಮಾನರು ಹೊಗಳುತ್ತಿದ್ದರು. ಒಮ್ಮೆ ಅವರು ಹಳೆಯ ಪಟ ಮಾಸಿತೆಂದು ಹೊಸದು ತಂದು ಹಾಕಿದರು. ಅಕ್ಷರಗಳೆಲ್ಲ ಬೇರೆ. ದೊಡ್ಡಮ್ಮ ಬಂದು ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೂ ತಪ್ಪಿಲ್ಲದೆ ಹಳೆಯ ಪಟವನ್ನೇ ಓದಿದಳು.

ಯಜಮಾನರು ನಕ್ಕರು.

ನಾನು ಅವಳನ್ನು ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡೇ ಹೋದೆ. ಕಣ್ಣಿನ ಒಳಪದರದ ನಡುಭಾಗ ಸವೆಯುತ್ತಿದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು. ನೇರ ನೋಡಿದ್ದು ಮಸುಕು, ಅಂಚಿನಲ್ಲಿರುವುದು ಮಾತ್ರ ಕಾಣುತ್ತದೆ. ಯಾರ ಮುಖ ನೋಡಬೇಕಾದರೂ ಅವರ ಕಿವಿಯ ಆಚೆಗೆ ನೋಡಬೇಕು. ದೊಡ್ಡಮ್ಮ ಇತ್ತೀಚೆಗೆ ಮಾತಾಡುವಾಗ ಎಲ್ಲೋ ನೋಡುತ್ತಾಳೆ, ಅಹಂಕಾರ ಬಂದಿದೆ ಎಂದು ಅಮ್ಮ ಗೊಣಗುತ್ತಿದ್ದದ್ದು ನೆನಪಾಗಿ ನನಗೆ ಬಹಳ ಸಂಕಟವಾಯಿತು.

"ನಿಮ್ಮಮ್ಮಂಗೆ ಹೇಳಬೇಡ," ಎಂದಳು ದೊಡ್ಡಮ್ಮ. "ಸಭಾಂಗಣದವರಿಗಂತೂ ಬಾಯಿ ಬಿಡಬೇಡ."

"ಅವರು ಕರೆದೇ ಎಷ್ಟೋ ಕಾಲ ಆಯ್ತಲ್ಲ."

"ಕರೆದ್ರೆ?"

ಈಗ ಎಲ್ಲರೂ ಟ್ಯಾಬ್ಲೆಟ್ ಎಂಬ ಗಾಜಿನ ಹಲಗೆ ಇಟ್ಟುಕೊಂಡು ನುಡಿಸುತ್ತಾರೆ. ಕಾಲಲ್ಲಿ ಒಂದು ಪೆಡಲು ಒತ್ತಿದರೆ ಪುಟ ತಾನೇ ತಿರುಗುತ್ತದೆ. ಎಡಗಡೆಯ ಕುರ್ಚಿ ಹೆಚ್ಚುಕಡಿಮೆ ಗೋದಾಮು ಸೇರಿತ್ತು. ಆದ್ದರಿಂದ ನಾನು ನಿಶ್ಚಿಂತೆಯಾಗಿದ್ದೆ. ಅಷ್ಟರಲ್ಲಿ ವೇದಿಕೆ ನೋಡಿಕೊಳ್ಳುವ ಮ್ಯಾನೇಜರು ಫೋನ್ ಮಾಡಿದರು. ಇಡೀ ಕಾರ್ಯಕ್ರಮ ಅಮೆರಿಕದ ಸಂಗೀತವಂತೆ, ದೊಡ್ಡ ಆರ್ಕೆಸ್ಟ್ರಾ, ಹೊರಗಿನಿಂದ ಅತಿಥಿಯಾಗಿ ಒಬ್ಬ ಪಿಯಾನೊ ವಾದಕಿ ಬರುತ್ತಿದ್ದಾರೆ, ಅವರಿಗೆ ಗಾಜಿನ ಹಲಗೆ ಆಗುವುದಿಲ್ಲ, ಕಾಗದವೇ ಬೇಕು, ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ನಾನು ಫೋನು ಕಸಿಯುವ ಮೊದಲೇ ದೊಡ್ಡಮ್ಮ ಆಗಲಿ ಎಂದುಬಿಟ್ಟಿದ್ದಳು.

"ಇದೊಂದು ಸಲ," ಎಂದಳು ನನಗೆ. "ಇದೊಂದು ಮುಗಿಸಿ ಮರ್ಯಾದೆಯಾಗಿ ಎದ್ದು ಬರ್ತೀನಿ."

ಅವಳ ಉಪಾಯ ಇದು. ಸಭಾಂಗಣದ ಪುಸ್ತಕ ಭಂಡಾರದಿಂದ ಆ ಕೃತಿಯ ಪ್ರತಿ ತಂದಳು. ಅಂಗಡಿಯ ದೊಡ್ಡ ಭೂತಗನ್ನಡಿಯನ್ನು ನನ್ನಿಂದ ಕಡ ತರಿಸಿದಳು. ಕಿಟಕಿಯ ಪಕ್ಕ ಕೂತು, ತಲೆ ಓರೆ ಮಾಡಿ, ಒಂದೊಂದೇ ಸ್ವರವನ್ನು ಅಂಚುಗಣ್ಣಿಗೆ ತಂದುಕೊಂಡು, ಪ್ರತಿ ಪುಟದ ಕೊನೆಯ ಸಾಲನ್ನು ಬಾಯಿಪಾಠ ಮಾಡಿದಳು. ಆ ಸಾಲು ಕಿವಿಗೆ ಬಿದ್ದಾಗ ಏಳುವುದು. ಕೇಳಬಾರದು ಎಂಬ ಜನ್ಮದ ನಿಯಮವನ್ನು ಈ ಒಂದು ಕಚೇರಿಗಾಗಿ ಮುರಿಯುವುದು. ಅಮೆರಿಕದವರ ತಾಳದ ಮೇಲೆ ಅವಳಿಗೆ ಕೋಪವೋ ಕೋಪ. ನಡೆಯುತ್ತ ನಡೆಯುತ್ತ ನಡುವೆ ಒಂದು ಮೆಟ್ಟಿಲನ್ನೇ ಕಿತ್ತು ಹಾಕಿರುತ್ತಾರೆ ಎಂದು ಬೈಯುತ್ತಿದ್ದಳು. ಬೈಯುತ್ತಲೇ ಕಲಿತಳು. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಗುನುಗುತ್ತಲೇ ಇದ್ದಳು. ನೋಡಿ ನೋಡಿ ನನಗೂ ಧೈರ್ಯ ಬಂತು.

ಕಚೇರಿ ಇದ್ದದ್ದು ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಅಭ್ಯಾಸ. ಮೆಟ್ಟಿಲಲ್ಲಿ ಎಡವಿಯಾಳೆಂದು ನಾನೂ ಜೊತೆಗೆ ಹೋದೆ, ಚೀಲ ಹಿಡಿಯುವವಳ ನೆಪದಲ್ಲಿ. ಮ್ಯಾನೇಜರು ಹಳೆಯ ಪರಿಚಯವಾದ್ದರಿಂದ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು. ವೇದಿಕೆಯ ತುಂಬ ಜನ. ಪಿಟೀಲಿನವರು, ಕೊಳಲಿನವರು, ಹಿತ್ತಾಳೆ ತುತ್ತೂರಿಗಳು, ಹಿಂದೆ ಒಂದು ಸಾಲು ನಗಾರಿಗಳು. ಅವರೆಲ್ಲರ ಮುಂದೆ ಕಪ್ಪು ಪಿಯಾನೊ, ಅದರ ಎಡಕ್ಕೆ ಆ ಕುರ್ಚಿ. ಪಿಯಾನೊ ವಾದಕಿ ಎತ್ತರದ ಹೆಂಗಸು, ತಲೆ ಅರ್ಧ ನರೆತಿತ್ತು, ಮಾತು ಕಡಿಮೆ. ದೊಡ್ಡಮ್ಮನಿಗೆ ಕೈ ಕೊಟ್ಟು, ತನ್ನ ಚೀಲದಿಂದ ಅಂಚು ಸವೆದ ಪುಸ್ತಕವೊಂದನ್ನು ತೆಗೆದು ಎದುರಿಗಿಟ್ಟುಕೊಂಡರು.

ದೊಡ್ಡಮ್ಮ ಅದರ ಮೂಲೆ ಮುಟ್ಟಿದಳು. ಅವಳ ಮುಖ ಸಪ್ಪಗಾದದ್ದು ನನಗೆ ಅಲ್ಲಿಂದಲೇ ಕಂಡಿತು. ಹಾಳೆಯ ಅಳತೆಯಿಂದಲೇ ಅವಳಿಗೆ ಗೊತ್ತಾಯಿತು, ಅದು ಬೇರೆ ಪ್ರಕಾಶಕರ ಪುಸ್ತಕ. ಕೃತಿ ಅದೇ, ಸ್ವರಗಳೂ ಅವೇ, ಆದರೆ ಅಚ್ಚು ಚಿಕ್ಕದು. ಅವಳು ಬಾಯಿಪಾಠ ಮಾಡಿದ್ದ ಒಂದು ಸಾಲೂ ಇದರಲ್ಲಿ ಪುಟದ ಕೊನೆಗೆ ಬರುವಂತಿರಲಿಲ್ಲ. ಅಷ್ಟು ದಿನಗಳ ಕಲಿಕೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ನುಡಿಸುವವರು ತಮ್ಮ ಪುಸ್ತಕವನ್ನೇ ತರುತ್ತಾರೆ ಎಂಬುದು ಅವಳಿಗೆ ಗೊತ್ತಿರದ ವಿಷಯವೇ? ಓದುವ ಕಣ್ಣಿದ್ದಾಗ ಯಾವ ಪುಸ್ತಕವಾದರೂ ಅವಳಿಗೆ ಒಂದೇ ಆಗಿತ್ತು. ಅದಕ್ಕೇ ಆ ಯೋಚನೆ ಹೊಳೆದಿರಲಿಲ್ಲ.

ಅಭ್ಯಾಸ ಹೇಗೋ ನಡೆಯಿತು. ವಾದಕಿ ತಲೆಯಾಡಿಸಿದಾಗ ದೊಡ್ಡಮ್ಮನ ಅಂಚುಗಣ್ಣಿಗೆ ಅದು ಕಾಣುತ್ತಿತ್ತು, ತಿರುಗಿಸುತ್ತಿದ್ದಳು. ಒಮ್ಮೆ ಅವರು ತಲೆಯಾಡಿಸಲು ಮರೆತರು. ದೊಡ್ಡಮ್ಮ ನಿಂತೇ ಇದ್ದಳು. ಹಾಳೆ ತಿರುಗಲಿಲ್ಲ, ಸಂಗೀತವೂ ನಿಲ್ಲಲಿಲ್ಲ. ಅವರು ಮುಂದಕ್ಕೆ ನುಡಿಸಿಕೊಂಡು ಹೋದರು, ಒಂದು ಮಾತೂ ಆಡಲಿಲ್ಲ.

ಬಿಡುವಿನಲ್ಲಿ, ವಾದ್ಯಗಳ ಖಾಲಿ ಪೆಟ್ಟಿಗೆಗಳನ್ನಿಡುವ ಕೋಣೆಯಲ್ಲಿ, ನನಗೂ ಅವಳಿಗೂ ಜಗಳವಾಯಿತು. "ನೀನು ಹೇಳ್ತೀಯೋ, ನಾನು ಹೇಳಲೋ?" ಎಂದೆ.

"ಯಾರೂ ಹೇಳೋದು ಬೇಡ."

"ಅಲ್ಲ ದೊಡ್ಡಮ್ಮ, ಸಭಾಂಗಣ ತುಂಬಿರುತ್ತೆ. ಹೆಚ್ಚುಕಮ್ಮಿ ಆದ್ರೆ ಹೋಗೋದು ನಿನ್ನ ಮಾನ ಅಲ್ಲ, ಅವರದು. ಯಾರದೋ ಅನ್ನಕ್ಕೆ ಕಲ್ಲು ಹಾಕಬೇಡ."

ಅವಳು ನನ್ನ ಕಿವಿಯ ಆಚೆಗೆ ನೋಡುತ್ತ ಹೇಳಿದಳು. "ಅವತ್ತು ನಿಮ್ಮ ದೊಡ್ಡಪ್ಪನ್ನ ಬಿಟ್ಟು ಬಂದಿದ್ದು ಈ ಕುರ್ಚಿಗೇ ಕಣೇ. ನನ್ನ ಬಿಟ್ರೆ ಆಗಲ್ಲ ಅಂತ ಬಂದೆ. ಈಗ ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ಕೂರಿಸಿ ಅಂತ ನಾನೇ ಹೋಗಿ ಹೇಳಿದ್ರೆ, ಅವತ್ತು ಬಂದಿದ್ದಕ್ಕೆ ಏನರ್ಥ ಉಳೀತು?"

ನಾನೂ ಯಾರಿಗೂ ಹೇಳಲಿಲ್ಲ. ಹಾಗೆ ಮುಚ್ಚಿಟ್ಟದ್ದು ಸರಿಯೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವಳ ಬೆನ್ನಿನ ಮೇಲಿದ್ದ ನೂಲಿನ ಎಳೆಯೊಂದನ್ನು ತೆಗೆದು, ಕಾಲರು ಸರಿಮಾಡಿ, ಕೈಹಿಡಿದು ಪರದೆಯವರೆಗೆ ಕರೆದುಕೊಂಡು ಹೋದೆ.

ಮೊದಲರ್ಧದಲ್ಲಿ ಆರ್ಕೆಸ್ಟ್ರಾ ಮಾತ್ರ. ನಾನು ಸಂಗೀತ ತಿಳಿದವಳಲ್ಲ. ಆದರೂ ಆ ಅಮೆರಿಕದ ಸಂಗೀತದಲ್ಲಿ ಮನೆಗಳಿಲ್ಲದ ಬಯಲು ಕಂಡಂತಾಯಿತು. ಒಂದು ತುತ್ತೂರಿ ಎಲ್ಲೋ ದೂರದಲ್ಲಿ ಒಂಟಿಯಾಗಿ ಕೂಗಿತು, ಬಹಳ ಹೊತ್ತಿನ ಮೇಲೆ ಪಿಟೀಲುಗಳು ಅದಕ್ಕೆ ಓಗೊಟ್ಟವು. ದೊಡ್ಡಮ್ಮ ನನ್ನ ಪಕ್ಕದಲ್ಲಿ ಒದ್ದೆ ಬಟ್ಟೆಯಿಂದ ಬೆರಳ ತುದಿ ಒರೆಸಿಕೊಳ್ಳುತ್ತ ಕೂತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ವಿರಾಮ ಮುಗಿಯಿತು. ವಾದಕಿ ವೇದಿಕೆಗೆ ಹೋದರು, ಚಪ್ಪಾಳೆ ಬಿತ್ತು. ಅವರ ಹಿಂದೆ, ಆ ಚಪ್ಪಾಳೆ ತನ್ನದಲ್ಲ ಎಂಬಂತೆ ತಲೆ ತಗ್ಗಿಸಿಕೊಂಡು ದೊಡ್ಡಮ್ಮ ಹೋಗಿ ಕೂತಳು.

ಮೊದಲ ಭಾಗ ಸಿಡಿಗುಂಡಿನಂತೆ ಓಡಿತು. ನಗಾರಿ, ತುತ್ತೂರಿ, ಓಡುವ ರೈಲಿನ ತಾಳ. ತಲೆಯಾಡಿತು, ಹಾಳೆ ತಿರುಗಿತು. ಮತ್ತೆ ಆಡಿತು, ಮತ್ತೆ ತಿರುಗಿತು. ನನ್ನ ಉಗುರು ನನ್ನ ಅಂಗೈಗೇ ನೆಟ್ಟಿತ್ತು. ಅದು ಮುಗಿದು ನಿಧಾನದ ಭಾಗ ಬಂತು. ಆರ್ಕೆಸ್ಟ್ರಾ ಮೆಲ್ಲಗೆ ಹಿಂದೆ ಸರಿಯಿತು. ಪಿಯಾನೊ ಒಂದೇ ಉಳಿಯಿತು. ದುಡಿದು ಬಂದವರು ದಣಿವಾರಿಸಿಕೊಳ್ಳುತ್ತ ಹಾಡಿಕೊಳ್ಳುವ ಹಾಡಿನಂತೆ ಅದು ಇಷ್ಟಿಷ್ಟೇ ಮುಂದೆ ಹೋಗುತ್ತಿತ್ತು. ವಾದಕಿಯ ತಲೆ ಅಲುಗಿತು. ದೊಡ್ಡಮ್ಮ ಹಾಳೆ ತಿರುಗಿಸಿ ಕೂತಳು. ಕೂತವಳ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಉಜ್ಜಿಕೊಂಡವು. ಮುಖದಲ್ಲಿ ರಕ್ತವೇ ಇರಲಿಲ್ಲ.

ಎರಡು ಹಾಳೆ ಒಟ್ಟಿಗೆ ತಿರುಗಿಹೋಗಿದ್ದವು. ಕಣ್ಣಿಗೆ ಕಾಣಲಿಲ್ಲ, ಆದರೆ ಬೆರಳಿಗೆ ದಪ್ಪ ಗೊತ್ತಾಗಿತ್ತು, ತಿರುಗಿಸಿದ ಮೇಲೆ ಗೊತ್ತಾಗಿತ್ತು. ಇದನ್ನು ನನಗೆ ಆಮೇಲೆ ಅವಳೇ ಹೇಳಿದಳು. ಎದ್ದು ಸರಿಮಾಡಲು ಹೋದರೆ ಆ ಮೌನದಲ್ಲಿ ಇಡೀ ಸಭೆಗೆ ಸದ್ದು ಕೇಳುತ್ತದೆ. ಬಿಟ್ಟರೆ ವಾದಕಿಯ ಎದುರಿಗಿರುವುದು ತಪ್ಪು ಪುಟ. ಅವಳು ಉಸಿರು ಬಿಗಿಹಿಡಿದು, ಸಂಗೀತ ಮುರಿದು ಬೀಳುವುದನ್ನು ಕಾಯುತ್ತ ಕೂತಳು.

ಮುರಿಯಲಿಲ್ಲ. ಎದುರಿಗೆ ತಪ್ಪು ಪುಟ ಇಟ್ಟುಕೊಂಡು ಆ ಹೆಂಗಸು ಸರಿಯಾದ ಸಂಗೀತವನ್ನೇ ನುಡಿಸುತ್ತ ಹೋದರು. ಅವರ ಕಣ್ಣುಗಳು ಪುಸ್ತಕದ ಮೇಲಿರಲಿಲ್ಲ, ಮುಚ್ಚಿದ್ದವು. ಒಂದು ಸಲ ಮಾತ್ರ, ಎಡಗೈ ಒಂದು ಸ್ವರ ಮುಗಿಸಿ ಮುಂದಿನದಕ್ಕೆ ಕಾಯುವಾಗ, ಮೈ ತುಸು ಎಡಕ್ಕೆ ವಾಲಿತು. ಅವರ ತೋಳು ದೊಡ್ಡಮ್ಮನ ತೋಳಿಗೆ ತಾಗಿತೋ ಇಲ್ಲವೋ, ಮತ್ತೆ ನೆಟ್ಟಗಾದರು. ದೊಡ್ಡಮ್ಮ ಅಲುಗಾಡದೆ ಕೂತಿದ್ದಳು. ಓದಲು ಅವಳಿಗೆ ಏನೂ ಉಳಿದಿರಲಿಲ್ಲ. ಬೇರೆ ದಾರಿಯಿಲ್ಲದೆ ಕೇಳಿದಳು. ಆ ಕುರ್ಚಿಯಲ್ಲಿ ಕೂತು ಅವಳು ಸಂಗೀತ ಕೇಳಿದ್ದು ಅದೇ ಮೊದಲು.

ಕಚೇರಿ ಗೆದ್ದಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ನನ್ನ ಕೈ ಬಿಡಿಸಿಕೊಂಡು ನೇರ ವಾದಕಿಯ ಕೋಣೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಅವರು ಕನ್ನಡಿಯ ಮುಂದೆ ಕೂತು ಮಣಿಕಟ್ಟಿಗೆ ಬಿಸಿ ಟವೆಲ್ಲು ಸುತ್ತಿಕೊಳ್ಳುತ್ತಿದ್ದರು.

"ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟೆ," ಎಂದಳು ದೊಡ್ಡಮ್ಮ. "ನಂಗೆ ಕಣ್ಣು ಕಾಣಲ್ಲ. ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ನಿಮಗೆ ದ್ರೋಹ ಮಾಡಿದೆ."

"ಕಣ್ಣು ಕಾಣಲ್ಲ ಅಂತ ಬೆಳಿಗ್ಗೆನೇ ಗೊತ್ತಾಯ್ತಮ್ಮ. ನೀವು ಪುಸ್ತಕದ ಕಡೆ ನೋಡ್ತಾನೇ ಇರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ? ಬೇರೆಯವರನ್ನ ಕೇಳಬಹುದಿತ್ತಲ್ಲ?"

ಅವರು ಟವೆಲ್ಲು ಬಿಚ್ಚಿ ಮತ್ತೆ ಸುತ್ತಿದರು. ಹೇಳುವುದೋ ಬೇಡವೋ ಎಂದು ಯೋಚಿಸಿದಂತಿತ್ತು. "ನಂಗೆ ಹಾಳೆ ಬೇಕಾಗಿಲ್ಲ. ಈ ಕೃತಿ ಎಲ್ಲಾ ಕೈಯಲ್ಲೇ ಇದೆ. ಕೆಲವು ವರ್ಷದ ಹಿಂದೆ ಒಂದು ಕಚೇರೀಲಿ, ಇದೇ ತರ ನಿಧಾನದ ಜಾಗದಲ್ಲಿ, ತಲೆ ಖಾಲಿಯಾಗಿಬಿಡ್ತು. ಏನೂ ಇಲ್ಲ. ಸುತ್ತ ಅಷ್ಟು ಜನ ಇದ್ರೂ ಒಬ್ಬಳೇ ಬಿದ್ದುಹೋದ ಹಾಗಾಯ್ತು. ಆಮೇಲಿಂದ ಪಕ್ಕದಲ್ಲಿ ಯಾರಾದ್ರೂ ಇದ್ರೆ ಮಾತ್ರ ನುಡಿಸೋಕಾಗುತ್ತೆ. ಬರೀ ಜೊತೆಗೆ ಕೂತಿರೋಕೆ ಒಬ್ಬರನ್ನ ಕೊಡಿ ಅಂತ ಯಾರ ಹತ್ರ ಕೇಳೋದು? ನಗ್ತಾರೆ. ಅದಕ್ಕೇ ಪುಸ್ತಕ ಇಟ್ಕೋತೀನಿ."

ದೊಡ್ಡಮ್ಮ ಒಂದು ನಮಸ್ಕಾರ ಹಾಕಿ ಹೊರಗೆ ಬಂದಳು.

ಹೊರಗೆ ಇನ್ನೂ ಬಿಸಿಲಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿತು. ನನಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಮಾನ ಉಳಿಯಿತು, ಸಂಗೀತ ಉಳಿಯಿತು, ಇನ್ನೇನು ಬೇಕು ಎಂದು ನೆಮ್ಮದಿಯಾಗಿದ್ದೆ. ಪಕ್ಕದಲ್ಲಿ ದೊಡ್ಡಮ್ಮ ಕುದಿಯುತ್ತಿದ್ದಳು.

"ಹಾಗಾದ್ರೆ ನಾನು ಅಲ್ಲಿ ಏನು? ಬೊಂಬೆನಾ?" ಎಂದಳು ಕೊನೆಗೆ. "ಭೂತಗನ್ನಡಿ ಹಿಡ್ಕೊಂಡು ಕಣ್ಣು ಕಿತ್ಕೊಂಡಿದ್ದು ಏನಕ್ಕೆ? ಒಂದು ಮೂಟೆ ತಂದು ಪಕ್ಕದಲ್ಲಿ ಇಟ್ಟಿದ್ರೂ ಆಗ್ತಿತ್ತಲ್ಲ."

"ಮೂಟೆ ಇಟ್ರೆ ಆಗುತ್ತಾ ದೊಡ್ಡಮ್ಮ? ಮನುಷ್ಯರೇ ಬೇಕು."

"ಬರೀ ಕೂತಿರೋಕೆ."

"ಹೂಂ. ಬರೀ ಕೂತಿರೋಕೆ."

ಬಸ್ಸು ಆಸ್ಪತ್ರೆಯ ಸ್ಟಾಪಿನಲ್ಲಿ ನಿಂತಿತು. ಇಳಿಯುವವರು ಇಳಿದರು. ತಿಂಡಿಯ ಡಬ್ಬಿ, ದಿಂಬು, ಬದಲಿ ಬಟ್ಟೆ ಹಿಡಿದವರು ಗೇಟಿನ ಕಡೆಗೆ ಹೋಗುತ್ತಿದ್ದರು. ದೊಡ್ಡಮ್ಮನಿಗೆ ಅದು ಕಾಣುತ್ತಿರಲಿಲ್ಲ, ಆದರೆ ಸ್ಟಾಪಿನ ಹೆಸರು ಕೂಗಿದ್ದು ಕೇಳಿಸಿತ್ತು. ಬಸ್ಸು ಹೊರಟ ಮೇಲೆ ಅವಳು ಮಾತಾಡಿದಳು. ದನಿ ಬೇರೆಯಾಗಿತ್ತು.

"ನಿಮ್ಮ ದೊಡ್ಡಪ್ಪನೂ ಅವತ್ತು ಅದನ್ನೇ ಕೇಳಿದ್ದು. 'ಇವತ್ತೊಂದು ದಿನ ಇಲ್ಲೇ ಕೂತಿರೇ' ಅಂದ್ರು. ಏನು ಬೇಕು ಹೇಳಿ, ಮಾಡಿಟ್ಟು ಹೋಗ್ತೀನಿ ಅಂದೆ. ಏನೂ ಬೇಡ ಅಂದ್ರು. ನೀರು ತುಂಬಿಸಿಟ್ಟೆ, ಹೊದಿಕೆ ಸರಿಮಾಡ್ದೆ, ನರ್ಸಿಗೆ ಹೇಳ್ದೆ. ಇನ್ನೇನು ಬೇಕು ಅಂತ ಮತ್ತೆ ಕೇಳ್ದೆ. ಏನೂ ಬೇಡ ಕಣೇ ಅಂದ್ರು. ಏನೂ ಬೇಡ ಅಂದಮೇಲೆ ಕೂತು ಏನು ಮಾಡಲಿ ಅಂತ ಎದ್ದು ಹೋದೆ."

ಇದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲ ಕಚೇರಿಗಳಲ್ಲೂ ಹಿಂಬಾಗಿಲ ಕಟ್ಟೆಯ ಮೇಲೆ ಏನನ್ನೂ ಮಾಡದೆ ಅವಳಿಗಾಗಿ ಕೂತಿರುತ್ತಿದ್ದ ಮನುಷ್ಯ, ಜೀವನದಲ್ಲಿ ಒಂದು ಸಲ ಅದನ್ನೇ ತಿರುಗಿ ಕೇಳಿದ್ದರು. ನನಗೆ ದುಃಖ ಉಕ್ಕಿ ಬಂತು. ದೊಡ್ಡಮ್ಮನ ಮೇಲೆ ಅಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡೆ. ಬೆರಳ ತುದಿಗಳು ಇನ್ನೂ ತಣ್ಣಗಿದ್ದವು.

ಅವಳ ಮನೆಯ ಸ್ಟಾಪು ಬಂತು. ಇಳಿಯಲಿಲ್ಲ. "ನಿಮ್ಮ ಮನೆಗೆ ಹೋಗೋಣ," ಎಂದಳು.

ನಮ್ಮಮ್ಮ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಕಾಫಿಗೆ ಹಾಲಿಟ್ಟು, ಆ ಬಿಡುವಿನಲ್ಲಿ ಡಬ್ಬಿಗಳನ್ನು ಒರೆಸುತ್ತಿದ್ದಳು. ಅಕ್ಕನನ್ನು ಕಂಡು, "ಏನು, ಅಮೆರಿಕ ಮುಗೀತಾ?" ಎಂದಳು, ಕೈ ನಿಲ್ಲಿಸದೆ. ದೊಡ್ಡಮ್ಮ ಈ ಸಲ ಮುಚ್ಚಿಡಲು ನೋಡದೆ, ಗೋಡೆ ಹಿಡಿದುಕೊಂಡು ಬಂದು ಮೇಜಿನ ಬಳಿಯ ಕುರ್ಚಿಯನ್ನು ತಡವಿ ತಡವಿ ಹುಡುಕಿದಳು. ಅಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು. ಅಹಂಕಾರ ಎಂದುಕೊಂಡಿದ್ದದ್ದು ಏನು ಎಂಬುದು ಅವಳಿಗೆ ಆ ಕ್ಷಣದಲ್ಲಿ ತಿಳಿಯಿತು.

"ನೀನು ಅವತ್ತು ಕೇಳಿದ್ದು ಸರಿ ಕಣೇ," ಎಂದಳು ದೊಡ್ಡಮ್ಮ ಕೂತುಕೊಂಡು. "ನಂಗೆ ಆಸ್ಪತ್ರೆಲೇ ಕೆಲಸ ಇತ್ತು. ಅವರ ಪಕ್ಕದಲ್ಲಿ. ನಂಗೆ ಅದು ಕೆಲಸ ಅಂತ ಗೊತ್ತಾಗಲಿಲ್ಲ."

ಆ ಮಾತಿಗಾಗಿ ಅಮ್ಮ ಎಷ್ಟು ವರ್ಷ ಕಾದಿದ್ದಳೋ ನಾನು ಬಲ್ಲೆ. ಮನಸ್ಸಿನಲ್ಲೇ ಉತ್ತರಗಳನ್ನು ಮಸೆದು ಇಟ್ಟುಕೊಂಡಿದ್ದಳು. ಈಗ ಒಂದೂ ಹೊರಗೆ ಬರಲಿಲ್ಲ. ಕೈಬಟ್ಟೆಯನ್ನು ಕೆಳಗಿಟ್ಟಳು. ಒಂದು ಕುರ್ಚಿ ಎಳೆದು, ಅಕ್ಕನ ಎಡಗಡೆ, ತುಸು ಹಿಂದಕ್ಕೆ ಹಾಕಿಕೊಂಡು ಕೂತಳು. ಅಲ್ಲಿ ಯಾಕೆ ಹಾಕಿದಳೆಂದು ಅವಳಿಗೇ ಗೊತ್ತಿರಲಿಕ್ಕಿಲ್ಲ, ಬೇರೆ ಕಡೆ ಜಾಗವಿರಲಿಲ್ಲ. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡಳು. ಖಾಲಿ ಕೈ.

ಒಲೆಯ ಮೇಲೆ ಹಾಲು ಉಕ್ಕಿತು. ಜೀವಮಾನದಲ್ಲಿ ಹಾಲು ಉಕ್ಕಲು ಬಿಡದ ಆ ಇಬ್ಬರಲ್ಲಿ ಯಾರೂ ಏಳಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.